ಹಳೆಯ ಕಾರಿಗೆ ಕಿಲೋಮೀಟರಿಗಿಂತ ತಿಂಗಳ ಲೆಕ್ಕ ಮುಖ್ಯ

ನಮ್ಮ ಮನೆಯ 2009ರ ಸ್ಯಾಂಟ್ರೋ 1,70,000 ಕಿಲೋಮೀಟರ್ ದಾಟಿದೆ. ಸರ್ವಿಸ್ ಪುಸ್ತಕಗಳಲ್ಲಿ ‘ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು’ ಎಂದು ಬರೆದಿರುತ್ತದೆ. ಬಹಳಷ್ಟು ಮಂದಿ ಅದರ ಮೊದಲರ್ಧವನ್ನಷ್ಟೇ ಗಮನಿಸುತ್ತಾರೆ. ವಯಸ್ಸಾದ ಕಾರಿನ ಮಟ್ಟಿಗೆ ಎರಡನೆಯ ಅರ್ಧಕ್ಕೇ ಹೆಚ್ಚು ತೂಕವಿದೆ ಎಂಬುದು ನನ್ನ ಅಭಿಪ್ರಾಯ. ಅಂಥ ಕಾರು ಸಾಮಾನ್ಯವಾಗಿ ಓಡುವುದು ಕಡಿಮೆ, ನಿಲ್ಲುವುದು ಹೆಚ್ಚು. ರಬ್ಬರು ಮತ್ತು ದ್ರವಗಳಾದರೋ ನಿಂತಲ್ಲಿಯೇ ಹಾಳಾಗುತ್ತವೆ.

ಬ್ರೇಕ್ ಆಯಿಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಗಾಳಿಯಲ್ಲಿನ ತೇವವನ್ನು ಸದಾ ಹೀರಿಕೊಳ್ಳುತ್ತಿರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲಿನ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ಶೇ 3.7ರಷ್ಟು ನೀರು ಸೇರಿದ ಆಯಿಲಿಗೆ ಅದೇ ದರ್ಜೆಯ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಊರೊಳಗಿನ ಓಡಾಟದಲ್ಲಿ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಆದರೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ಇಳಿಯುವಾಗ ತಿರುವು ತಿರುವಿಗೂ ಬ್ರೇಕ್ ಒತ್ತುತ್ತ ಬಂದರೆ ಚಕ್ರದ ಬಳಿಯ ಶಾಖಕ್ಕೆ ಹಳೆಯ ಆಯಿಲ್ ಕುದಿದು ಗುಳ್ಳೆಗಳಾಗಬಹುದು, ಆಗ ಪೆಡಲ್ ಎಷ್ಟು ಒತ್ತಿದರೂ ಹಿಡಿತ ಸಿಗದೆ ಕೆಳಗೆ ಇಳಿಯುತ್ತದೆ. ಆದ್ದರಿಂದ ಕಾರು ಎಷ್ಟೇ ಕಡಿಮೆ ಓಡಿರಲಿ, ಎರಡು ವರ್ಷಕ್ಕೊಮ್ಮೆ ಹಳೆಯದನ್ನು ಪೂರ್ತಿ ತೆಗೆಸಿ ಹೊಸದನ್ನು ತುಂಬಿಸುತ್ತೇನೆ. ಡಬ್ಬಿಯಲ್ಲಿ ಮಟ್ಟ ಇಳಿದಿದೆಯೆಂದು ಮೇಲೆ ಒಂದಿಷ್ಟು ಸುರಿಯುವುದನ್ನು ಸರ್ವಿಸ್ ಎಂದು ನಾನು ಒಪ್ಪುವುದಿಲ್ಲ. ಪ್ಯಾಡು ಸವೆದರೂ ಮಟ್ಟ ಇಳಿಯುತ್ತದೆ, ಸೋರಿಕೆಯಿದ್ದರೂ ಇಳಿಯುತ್ತದೆ.

ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟ್ ವಿಷಯದಲ್ಲಿ ನಮ್ಮ ಕಡೆಯ ದೊಡ್ಡ ಶತ್ರು ಬೋರ್‌ವೆಲ್ ನೀರು. ರೇಡಿಯೇಟರಿಗೆ ಗಡಸು ನೀರು ಹಾಕುತ್ತ ಹೋದರೆ ಒಳಗಿನ ಸಣ್ಣ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ, ಬರೀ ನೀರಿಗೆ ತುಕ್ಕು ತಡೆಯುವ ಗುಣವೂ ಇಲ್ಲ; ಎಂಜಿನ್ ಅತಿಯಾಗಿ ಕಾಯ್ದು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗದ ಕೂಡುಜಾಗವನ್ನು ಸೋರದಂತೆ ಮುಚ್ಚುವ ಹಾಳೆ) ಹೋದರೆ ಆಗುವ ಖರ್ಚಿನ ಮುಂದೆ ಕೂಲಂಟ್ ಡಬ್ಬಿಯ ಬೆಲೆ ಏನೂ ಅಲ್ಲ. ಕೂಲಂಟ್ ಬದಲಿಸುವ ದಿನವೇ ಹೋಸ್ ಪೈಪುಗಳನ್ನು ಹಿಚುಕಿ ನೋಡಿಸಬೇಕು. ಗಟ್ಟಿಯಾಗಿದ್ದರೂ ಸರಿ, ಉಬ್ಬಿ ಮೆತ್ತಗಾಗಿದ್ದರೂ ಸರಿ, ಅವನ್ನು ತೆಗೆಸಿಬಿಡುವುದೇ ಕ್ಷೇಮ.

ಸ್ಯಾಂಟ್ರೋದ ಎಂಜಿನ್‌ನಲ್ಲಿರುವುದು ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ ಮತ್ತು ವಾಲ್ವುಗಳ ಚಲನೆಯನ್ನು ಹೊಂದಿಸುವ ರಬ್ಬರ್ ಪಟ್ಟಿ. ಮಾರುತಿಯ ಕೆ ಸರಣಿಯ ಎಂಜಿನ್ ಇರುವವರಿಗೆ ಈ ಚಿಂತೆಯಿಲ್ಲ, ಅದರಲ್ಲಿ ಚೈನ್ ಇದೆ. ಬೆಲ್ಟ್ ಹರಿಯುವ ಮೊದಲು ಸದ್ದು ಮಾಡಿ ಎಚ್ಚರಿಸುತ್ತದೆಂದು ನಂಬಿ ಕೂರುವಂತಿಲ್ಲ. ಹರಿದಾಗ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ವಾಲ್ವುಗಳು ಬಾಗುತ್ತವೆ. ಹಳೆಯ ಕಾರು ಕೊಂಡವರು ಹಿಂದಿನ ಮಾಲೀಕರಿಂದ ಬೆಲ್ಟ್ ಬದಲಿಸಿದ ಬಿಲ್ಲು ಸಿಗದಿದ್ದರೆ ಬದಲಿಸಿಲ್ಲವೆಂದೇ ತಿಳಿಯಬೇಕು. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಬೇರಿಂಗನ್ನೂ ಅದೇ ಸಲ ಹಾಕಿಸಿದರೆ ಬಿಚ್ಚುವ ಕೂಲಿ ಎರಡು ಬಾರಿ ಬೀಳುವುದಿಲ್ಲ.

ಎಂಜಿನ್ ಆಯಿಲಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ವರ್ಷಕ್ಕೊಮ್ಮೆ ಬದಲಿಸುವುದರ ಜೊತೆಗೆ ನಡುವೆ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ತೆಗೆದು ನೋಡುವ ಅಭ್ಯಾಸವಿರಬೇಕು, ಏಕೆಂದರೆ ಸವೆದ ಎಂಜಿನ್ ಆಯಿಲನ್ನು ಸ್ವಲ್ಪ ಸ್ವಲ್ಪವಾಗಿ ಸುಡುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ ಅದರ ಗುರುತೇ ಅದು.

ಖಾಸಗಿ ಕಾರಿಗೆ 15 ವರ್ಷವಾದ ಮೇಲೆ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸಿ ಆರ್‌ಸಿಯನ್ನು (ನೋಂದಣಿ ಪತ್ರ) ಐದೈದು ವರ್ಷಕ್ಕೆ ನವೀಕರಿಸಬೇಕು. ಎಫ್‌ಸಿ ಸಿಕ್ಕಿತೆಂದರೆ ಕಾರು ಸರಿಯಿದೆಯೆಂದು ಕೆಲವರು ನಿಶ್ಚಿಂತರಾಗುತ್ತಾರೆ. ಆದರೆ ಕವರಿನೊಳಗಿನ ಬೆಲ್ಟನ್ನು ಯಾವ ಇನ್ಸ್‌ಪೆಕ್ಟರರೂ ಬಿಚ್ಚಿ ನೋಡುವುದಿಲ್ಲ. ನಮ್ಮ ಕಾರಿನ ಮುಂದಿನ ನವೀಕರಣ 2029ಕ್ಕೆ. ಅಲ್ಲಿಯವರೆಗೆ ಈ ವರ್ಷ ಹೋಸ್ ಪೈಪುಗಳಿಗೆ, ಬರುವ ವರ್ಷ ಚಕ್ರವನ್ನು ಹಿಡಿದಿಡುವ ಲೋಯರ್ ಆರ್ಮ್‌ನ ರಬ್ಬರ್ ಬುಷ್‌ಗಳಿಗೆ ಎಂದು ಹಣ ತೆಗೆದಿಟ್ಟಿದ್ದೇನೆ. ಬಾಗಿಲಿನ ಮೇಲಿನ ಗೀರುಗಳಿಗೆ ಬಣ್ಣ ಹಾಕಿಸುವುದು ಅದಾದ ಮೇಲೆ ಉಳಿದರೆ ನೋಡೋಣ.