ಹಂಚು ಬೋರಲು ಹಾಕಿ ಹಾಡಿದ ಹಾಡು

ಕೊಪ್ಪಳದ ಹತ್ತಿರದ ನಮ್ಮೂರಲ್ಲಿ ಮಳೆ ಕೈಕೊಟ್ಟಾಗ ಹುಡುಗರೆಲ್ಲಾ ಗುರ್ಚಿ ಆಡುತ್ತಿದ್ದೆವು. ಒಬ್ಬನ ತಲೆ ಮೇಲೆ ಬೋರಲು ಹಾಕಿದ ರೊಟ್ಟಿ ಹಂಚು, ಅದರ ಮೇಲೆ ಸೆಗಣಿಯಲ್ಲಿ ಮಾಡಿದ ಪುಟ್ಟ ಮೂರ್ತಿ, ಅದೇ ಗುರ್ಚಿ, ಅದರ ನೆತ್ತಿಗೆ ಗರಿಕೆ. ಮನೆ ಮನೆ ಮುಂದೆ ನಿಂತು ಮಳೆರಾಯನನ್ನು ಕರೆದು ಹಾಡಿದರೆ ಒಳಗಿಂದ ಯಾರಾದರೂ ಬಂದು ಗುರ್ಚಿ ಮೇಲೆ ಕೊಡದ ನೀರು ಸುರಿದು, ಮೊರದಲ್ಲಿ ಜೋಳ ತಂದು ಕೊಡುತ್ತಿದ್ದರು. ಹಂಚು ಹೊತ್ತವನು ಗರಗರ ತಿರುಗಿದಾಗ ನೀರು ನಮ್ಮ ಮೈಮೇಲೆಲ್ಲಾ ಹಾರುತ್ತಿತ್ತು. ಆಗ ಅದು ಬರೀ ಆಟ.

ಈಗ ನೆನೆದರೆ ಎದೆ ಚುರ್ ಅನ್ನುತ್ತದೆ. ಹಂಚು ಇರಬೇಕಾದದ್ದು ಒಲೆ ಮೇಲೆ, ಅಲ್ವಾ? ಅದು ಬೋರಲಾಗಿ ಮಗುವಿನ ತಲೆಗೆ ಬಂದಿದೆ ಅಂದರೆ, ಮನೆಯಲ್ಲಿ ರೊಟ್ಟಿ ಇಲ್ಲ ಅಂತ ಮಳೆರಾಯನಿಗೆ ತೋರಿಸಿದ ಹಾಗೆ. ನಾನಂತೂ ಹಾಗೇ ಅರ್ಥ ಮಾಡಿಕೊಂಡಿದ್ದೇನೆ.

‘ಬರಗಾಲದಲ್ಲಿ ಅಧಿಕ ಮಾಸ’ ಅನ್ನುವುದೂ ಹೀಗೇ. ಕೆಲಸ ಜಾಸ್ತಿಯಾದರೂ ಸುಮ್ನೆ ಹೇಳಿಬಿಡುತ್ತೇವೆ. ಚಂದ್ರನ 12 ತಿಂಗಳಿಗೆ ಸುಮಾರು 354 ದಿನ, ವರ್ಷಕ್ಕೆ 11 ದಿನ ಕಡಿಮೆ ಬೀಳುತ್ತದೆ, ಅದನ್ನು ಸರಿಮಾಡೋಕೆ 32-33 ತಿಂಗಳಿಗೊಮ್ಮೆ ಒಂದು ತಿಂಗಳು ಸೇರಿಸುತ್ತಾರೆ. ಪಂಚಾಂಗಕ್ಕೆ ಅದು ಲೆಕ್ಕ. ಹಗೇವು, ಅಂದರೆ ಕಾಳು ಕೂಡಿಡುವ ನೆಲದ ಗುಂಡಿ, ತಳ ಕಂಡ ಮನೆಗೆ ಇನ್ನೊಂದು ತಿಂಗಳ ಹಸಿವು. 1876-78ರ ಬರ ಬಳ್ಳಾರಿ ಸೀಮೆಯನ್ನು ಹಿಂಡಿದ ನೆಲ ಇದು, ಇಲ್ಲಿ ಆ ಮಾತು ಹಗುರ ಅಲ್ಲ.

ನಮ್ಮವ್ವ ಇವತ್ತಿಗೂ ಡಬ್ಬಿ ಬರಿದಾದರೆ ‘ಹಿಟ್ಟಿಲ್ಲ’ ಅನ್ನುವುದಿಲ್ಲ. ‘ಹಿಟ್ಟು ಹೆಚ್ಚಾಗೈತಿ, ಗಿರಣಿಗೆ ಹೋಗಿ ಬಾ’ ಅನ್ನುತ್ತಾಳೆ.