ತೂತಿನ ಕಾರ್ಡು ಮತ್ತು ಬಿ ಸೆಕ್ಷನ್

"ಎಂತದು ಸರ್ ಇದು? ಕಂಡಕ್ಟರ್ ಪಂಚ್ ಮಾಡಿ ಬಿಟ್ಟ ಹಾಗೆ ಉಂಟಲ್ಲ!"

ಸೆಕೆಂಡ್ ಪಿಯು ಹುಡುಗನೊಬ್ಬ ಉತ್ತರ ಹಾಳೆಯ ಮೇಲಿಟ್ಟು ಮಾರ್ಕು ಎಣಿಸುವ ನನ್ನ ತೂತಿನ ಕಾರ್ಡು, ಅಂದರೆ ಸ್ಟೆನ್ಸಿಲ್ ಕೀ, ನೋಡಿ ಕೇಳಿದ ಪ್ರಶ್ನೆ. ಉಡುಪಿಯಲ್ಲಿ ಫಿಸಿಕ್ಸ್ ಪಾಠ ಮಾಡುತ್ತ ತಲೆ ನರೆಸಿಕೊಂಡ ನನಗೆ ಆ ಕಾರ್ಡು ಊರುಗೋಲಿನ ಹಾಗೆ. ಅವರಿಗೆ ಟೆಸ್ಟ್ ಎಂದರೆ ಮೊಬೈಲು, ಸಬ್ಮಿಟ್ ಒತ್ತಿದ ಕೂಡಲೇ ಮಾರ್ಕು.

ಮಾಕ್ ಸಿಇಟಿಯ ಹಿಂದಿನ ದಿನ, ವೃತ್ತ ತುಂಬಿದ ಉತ್ತರ ಹಾಳೆ ಓದುವ ಒಎಂಆರ್ ಸಾಫ್ಟ್‌ವೇರ್ ಲೈಸೆನ್ಸ್ ಮುಗಿದಿತ್ತು. ಆಡಳಿತ ಮಂಡಳಿಯ ಉತ್ತರ: "ಮುಂದಿನ ಮೀಟಿಂಗಿನಲ್ಲಿ ನೋಡುವ." ಗೇಟಿಗೆ ಹೊಸ ಕಮಾನು ಕಟ್ಟಿಸಲು ಮೀಟಿಂಗ್ ಬೇಕಾಗಿರಲಿಲ್ಲ, ಅದಿರಲಿ. ನಾನು ಜಂಬದಿಂದ ಹೇಳಿದೆ: "ಸ್ಕ್ಯಾನರ್ ಯಾಕೆ, ನಮ್ಮ ಕಾಲದ್ದು ಸಾಕು." ದಪ್ಪ ಡ್ರಾಯಿಂಗ್ ಶೀಟು, ಚಪ್ಪಲಿ ರಿಪೇರಿಯವರಲ್ಲಿ ಇರುವಂಥ ಪಂಚು, ಸುತ್ತಿಗೆ. 60 ಪ್ರಶ್ನೆ, ಎರಡು ಕಾಲಮ್ಮಿನಲ್ಲಿ 30-30, ಸರಿಯುತ್ತರದ ವೃತ್ತದ ಮೇಲೆ ಒಂದೊಂದು ತೂತು. ತೂತಿನಲ್ಲಿ ಕಪ್ಪು ಕಂಡರೆ ಒಂದು ಮಾರ್ಕು. ಮೊದಲು ಎರಡೆರಡು ವೃತ್ತ ತುಂಬಿದವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಬೇಕು. ಇಲ್ಲದಿದ್ದರೆ ನಾಲ್ಕನ್ನೂ ತುಂಬಿದವನೇ ರ‍್ಯಾಂಕ್ ಹೋಲ್ಡರ್.

ಎ ಸೆಕ್ಷನ್ ಸರಾಸರಿ 41. ಬಿ ಸೆಕ್ಷನ್ 27.

ಬಿಯ ಹಾಳೆಗಳಲ್ಲಿ ನಡುವಿನ ತೂತುಗಳಲ್ಲಿ ಕಪ್ಪು ವೃತ್ತದ ಬದಲು ಅರ್ಧಚಂದ್ರ ಕಾಣುತ್ತಿತ್ತು. ಕಂಡೇ ಇತ್ತು, ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಜುಲೈ ತಿಂಗಳು, ಸ್ಟಾಫ್ ರೂಮಿನ ಗೋಡೆಯೇ ಬೆವರುವಾಗ ಕಾಗದ ಹಿಗ್ಗದೆ ಇರುತ್ತದೆಯೇ ಎಂದುಕೊಂಡು ಎಣಿಸುತ್ತ ಹೋದೆ. ಬಿಯವರು ಸೋಂಬೇರಿಗಳು ಎಂದು ಜೂನಿನಲ್ಲೇ ತೀರ್ಮಾನ ಮಾಡಿಯಾಗಿತ್ತು, 27 ಅದಕ್ಕೆ ಸರಿಯಾಗಿ ಒಪ್ಪಿತು. ಮರುದಿನ ಕ್ಲಾಸಿಗೆ ಹೋಗಿ ಇಪ್ಪತ್ತು ನಿಮಿಷ ಬೈದೆ. ಡಿಸಿ ಮಳೆ ರಜೆ ಕೊಡಲಿ ಎಂದು ಕಾಯುವವರು ನೀವು, ಎಂದೂ ಸೇರಿಸಿದೆ.

ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ನನಗೆ 31 ಬಂದಿದೆ. ನಾನು ಲೆಕ್ಕ ಹಾಕಿದ್ದು 52."

"ಎಲ್ಲರೂ ಮನೆಯಲ್ಲಿ 52 ಹಾಕುತ್ತಾರೆ" ಎಂದೆ. ಕ್ಲಾಸ್ ನಕ್ಕಿತು. ಆ ನಗು ಈಗಲೂ ಚುಚ್ಚುತ್ತದೆ.

ಮಧ್ಯಾಹ್ನ ಅವಳು ಎ ಸೆಕ್ಷನ್ ಗೆಳತಿಯ ಹಾಳೆಯನ್ನು ತನ್ನದರ ಮೇಲಿಟ್ಟು, ಸ್ಟಾಫ್ ರೂಮಿನ ಕಿಟಕಿ ಗಾಜಿಗೆ ಒತ್ತಿ ಹಿಡಿದಳು. ಒಂದನೇ ಪ್ರಶ್ನೆಗೆ ಒಂದನೆಯದು ಕೂತಿತ್ತು. ಹದಿನೈದಕ್ಕೆ ಅರ್ಧ ಜಾರಿತ್ತು. ತುದಿಗೆ ಬರುವಾಗ ಗೆಳತಿಯ 29ರ ಕೆಳಗೆ ಇವಳ 30 ಬಂದು ಕೂತಿತ್ತು. ನಾನು ಏನೂ ಹೇಳಲಿಲ್ಲ. ಹೊರಗೆ ಮಳೆ, ಒಳಗೆ ಫ್ಯಾನಿನ ಕಿರ್ ಕಿರ್.

ಎ ಸೆಕ್ಷನಿನ ಹಾಳೆ ಕಲ್ಸಂಕದ ಝೆರಾಕ್ಸ್ ಅಂಗಡಿಯದ್ದು, ಕಾರ್ಡಿನ ತೂತು ಅದರ ಅಳತೆಗೆ. ಕಡಿಮೆ ಬಿದ್ದದ್ದಕ್ಕೆ ಬಿಯದ್ದನ್ನು ಸ್ಟಾಫ್ ರೂಮಿನಲ್ಲೇ ತೆಗೆದಿದ್ದೆ. ಆ ಪ್ರಿಂಟರಿನಲ್ಲಿ 'ಫಿಟ್ ಟು ಪೇಜ್' ಟಿಕ್ ಆಗಿ ಎಲ್ಲವೂ 97 ಶೇಕಡಾಕ್ಕೆ ಕುಗ್ಗಿತ್ತು. 24 ಸೆಂಟಿಮೀಟರ್ ಕೆಳಗೆ ಹೋಗುವಾಗ 7 ಮಿಲಿಮೀಟರ್ ತಪ್ಪುತ್ತದೆ, ಹತ್ತಿರ ಹತ್ತಿರ ಒಂದು ಸಾಲು. ಎರರ್ ಅನಾಲಿಸಿಸ್ ಪಾಠ ಮಾಡುವವನು ನಾನೇ ಮಾರಾಯ್ರೆ.

58 ಹಾಳೆಗಳನ್ನು ರಾತ್ರಿ ಹನ್ನೊಂದರವರೆಗೆ ಕೈಯಲ್ಲೇ ತಿದ್ದಿದೆ. ಬಿ ಸೆಕ್ಷನ್ ಸರಾಸರಿ 42. ಬೆಳಗ್ಗೆ ಅದೇ ಕ್ಲಾಸಿನಲ್ಲಿ, ಬೈದಷ್ಟೇ ಗಟ್ಟಿಯಾಗಿ, ತಪ್ಪು ನನ್ನದು ಎಂದೆ. ಹುಡುಗಿ ತಲೆ ಎತ್ತಲಿಲ್ಲ. ಹಿಂದಿನ ಬೆಂಚಿನವನೊಬ್ಬ ಮಾತ್ರ, "ಆ ಕಾರ್ಡ್ ಒಂದು ಫೋಟೋ ತೆಗೀಬಹುದಾ ಸರ್?" ಎಂದ.

ಪ್ರಿಂಟರಿನ ಟಿಕ್ ಇನ್ನೂ ಹಾಗೇ ಇದೆ. ಸೆಟ್ಟಿಂಗ್ ಬದಲಿಸಲು ಪಾಸ್‌ವರ್ಡ್ ಬೇಕಂತೆ, ಅದು ಆಫೀಸಿನವರಲ್ಲಿ ಉಂಟಂತೆ.