ತಲೆಯೊಳಗೆ ಹಾರ್ಡ್ ಡಿಸ್ಕ್ ಇಲ್ಲ

14 ಮಾರ್ಚ್ 2025, ಶುಕ್ರವಾರ

"ತಲೆ ಸ್ಟೋರೇಜ್ ಫುಲ್ ಆಗಿದೆ ಕಣೋ, ಹೊಸದೇನೂ ಒಳಗೆ ಹೋಗ್ತಿಲ್ಲ" ಅಂತ ಪರೀಕ್ಷೆಗೆ ಓದುತ್ತಿರುವ ಗೆಳೆಯನ ಮೆಸೇಜ್ ಬಂತು. ತಮಾಷೆಗೇ ಬರೆದದ್ದು. ಆದರೆ ಈಗ ಎಲ್ಲರೂ ಹೀಗೇ ಮಾತಾಡುತ್ತೇವೆ, ಅಲ್ವಾ? ತಲೆ ಹ್ಯಾಂಗ್ ಆಯ್ತು ಅನ್ನುತ್ತೇವೆ, ನಿದ್ದೆ ಮಾಡಿ ರೀಸ್ಟಾರ್ಟ್ ಆಗು ಅನ್ನುತ್ತೇವೆ. ಮೆದುಳು ನಿಜಕ್ಕೂ ಕಂಪ್ಯೂಟರ್ ಹಾಗೇನಾ ಅಂತ ಸುಮ್ನೆ ಓದಲು ಕೂತವನಿಗೆ ಸಂಜೆಯೆಲ್ಲ ಅದರಲ್ಲೇ ಕಳೆಯಿತು.

ಹೋಲಿಕೆ ಪೂರ್ತಿ ಸುಳ್ಳೇನಲ್ಲ. ಪಕ್ಕದಿಂದ ಯಾರಾದರೂ ಕರೆದರೆ ಆ ಸದ್ದು ಎರಡು ಕಿವಿಗೂ ಒಂದೇ ಕ್ಷಣಕ್ಕೆ ತಲುಪುವುದಿಲ್ಲ, ನಡುವಿನ ವ್ಯತ್ಯಾಸ ಒಂದು ಮಿಲಿಸೆಕೆಂಡಿಗಿಂತ ಕಡಿಮೆ, ಆದರೂ ಮೆದುಳು ಅಷ್ಟರಲ್ಲೇ ದಿಕ್ಕು ಹಿಡಿಯುತ್ತದೆ. ಇದನ್ನು ಲೆಕ್ಕ ಅನ್ನದೆ ಇನ್ನೇನು ಅನ್ನುವುದು? ಮಜಾ ಏನೆಂದರೆ ಹೋಲಿಕೆ ಶುರುವಾದದ್ದೇ ಉಲ್ಟಾ. 1943ರಲ್ಲಿ ವಾರೆನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ ನರಕೋಶವನ್ನು ಬರೀ ಆನ್-ಆಫ್ ಸ್ವಿಚ್ಚು ಅಂತ ಇಟ್ಟುಕೊಂಡು, ಅಂಥವನ್ನು ಜೋಡಿಸಿದರೆ ತರ್ಕದ ಲೆಕ್ಕಗಳನ್ನು ಮಾಡಬಹುದು ಅಂತ ತೋರಿಸಿದರು. ಎರಡು ವರ್ಷ ಬಿಟ್ಟು ಗಣಿತಜ್ಞ ಜಾನ್ ವಾನ್ ನಾಯ್ಮನ್ ಕಂಪ್ಯೂಟರಿನ ವಿನ್ಯಾಸ ಬರೆದಾಗ ನರಕೋಶದ ಈ ಮಾದರಿಯನ್ನೇ ಬಳಸಿಕೊಂಡರು. ಅಂದರೆ ಮೆದುಳಿನ ಚಿತ್ರ ನೋಡಿ ಯಂತ್ರ ಕಟ್ಟಿ, ಆಮೇಲೆ ಮೆದುಳು ಯಂತ್ರದ ಹಾಗೇ ಇದೆಯಲ್ಲ ಅಂತ ಬೆರಗಾಗುತ್ತಿದ್ದೇವೆ!

ವೇಗ, ಕರೆಂಟು ಇತ್ಯಾದಿ ಲೆಕ್ಕಗಳನ್ನು ನಾನು ಜಾಸ್ತಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಮೆದುಳು ಸುಮಾರು 20 ವ್ಯಾಟ್‌ನಲ್ಲಿ ಓಡುತ್ತದೆ, ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಸರಿ, ಆದರೆ ಕಡಿಮೆ ಕರೆಂಟಿನ ಕಂಪ್ಯೂಟರೂ ಕಂಪ್ಯೂಟರೇ.

ನನಗೆ ಹೋಲಿಕೆ ಮುರಿದುಬೀಳುವಂತೆ ಕಂಡದ್ದು ನೆನಪಿನ ವಿಷಯದಲ್ಲಿ. ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಜಾಗ ಬೇರೆ, ಇಟ್ಟುಕೊಳ್ಳುವ ಜಾಗ ಬೇರೆ. ಫೈಲನ್ನು ಸಾವಿರ ಸಲ ತೆರೆದು ನೋಡಿದರೂ ಒಂದಕ್ಷರ ಬದಲಾಗುವುದಿಲ್ಲ. ನಮ್ಮ ತಲೆಯಲ್ಲಿ ಕೆಲಸ ಮಾಡುವ ನರಕೋಶಗಳ ನಡುವಿನ ಸಂಪರ್ಕಗಳೇ ನೆನಪನ್ನೂ ಹೊರುತ್ತವೆ, ಹಾಗಾಗಿ ತೆರೆದು ನೋಡುವುದೇ ಒಂಥರಾ ತಿದ್ದುವುದು. ಇದು ಮಾತಿನ ಚಮತ್ಕಾರ ಅಲ್ಲ. 2000ದಲ್ಲಿ ಕರೀಂ ನಾಡರ್ ಮತ್ತು ಜೊತೆಗಾರರು ಇಲಿಗಳಿಗೆ ಒಂದು ಸದ್ದು ಕೇಳಿದರೆ ಹೆದರುವಂತೆ ಕಲಿಸಿದರು. ಆಮೇಲೆ ಆ ಸದ್ದು ಕೇಳಿಸಿ, ಹೊಸ ಪ್ರೋಟೀನ್ ತಯಾರಾಗದಂತೆ ತಡೆಯುವ ಔಷಧವನ್ನು ಮೆದುಳಿಗೆ ಕೊಟ್ಟರೆ ಹೆದರಿಕೆ ಬಹುಮಟ್ಟಿಗೆ ಅಳಿದುಹೋಯಿತು. ಸದ್ದು ಕೇಳಿಸದೆ ಬರೀ ಔಷಧ ಕೊಟ್ಟರೆ? ಹೆದರಿಕೆ ಹಾಗೇ ಇತ್ತು. ನೆನಪಿಸಿಕೊಂಡದ್ದರಿಂದಲೇ ಅದು ಮತ್ತೆ ಸಡಿಲವಾಗಿತ್ತು.

ಮನುಷ್ಯರಲ್ಲಿ ಇದಕ್ಕೆ ಔಷಧವೂ ಬೇಡ, ಒಂದು ಪ್ರಶ್ನೆ ಸಾಕು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಫಿಲ್ಮ್ ತೋರಿಸಿ, ಕೆಲವರಿಗೆ ಕಾರುಗಳು "ತಾಗಿದಾಗ" ವೇಗ ಎಷ್ಟಿತ್ತು ಅಂತಲೂ ಇನ್ನು ಕೆಲವರಿಗೆ "ಅಪ್ಪಳಿಸಿದಾಗ" ಎಷ್ಟಿತ್ತು ಅಂತಲೂ ಕೇಳಿದರು. ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಅಂತ ಕೇಳಿದಾಗ "ಅಪ್ಪಳಿಸಿದ" ಗುಂಪಿನ 50 ಜನರಲ್ಲಿ 16 ಮಂದಿ ಹೌದು ಅಂದರು, "ತಾಗಿದ" ಗುಂಪಿನಲ್ಲಿ 7 ಮಂದಿ. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ! ನ್ಯಾಯಾಲಯದಲ್ಲಿ ಕಣ್ಣಾರೆ ಕಂಡ ಸಾಕ್ಷಿಗೆ ಇರುವ ತೂಕ ನೆನೆದರೆ ಸ್ವಲ್ಪ ಭಯವೇ ಆಗುತ್ತದೆ.

ಇಷ್ಟು ಓದಿ ಮೆದುಳು ಕಂಪ್ಯೂಟರ್ ಅಲ್ಲವೇ ಅಲ್ಲ ಅಂತ ತೀರ್ಮಾನಿಸಲು ಹೊರಟಿದ್ದೆ, ಆಗ 2017ರ ಒಂದು ಕಿಲಾಡಿ ಪ್ರಬಂಧ ಸಿಕ್ಕಿತು. ಎರಿಕ್ ಜೋನಾಸ್, ಕೊನ್ರಾಡ್ ಕೋರ್ಡಿಂಗ್ ಎಂಬ ಇಬ್ಬರು, ಮೆದುಳನ್ನು ಅಭ್ಯಾಸ ಮಾಡುವ ವಿಧಾನಗಳನ್ನೇ 6502 ಎಂಬ ಹಳೇ ಚಿಪ್ ಮೇಲೆ ಪ್ರಯೋಗಿಸಿದ್ದಾರೆ. ಸಿಮ್ಯುಲೇಶನ್‌ನಲ್ಲಿ ಅದರ ಒಂದೊಂದೇ ಟ್ರಾನ್ಸಿಸ್ಟರ್ (ಚಿಪ್ಪಿನೊಳಗಿನ ಪುಟ್ಟ ಸ್ವಿಚ್ಚು) ಕೆಡಿಸಿ ಯಾವ ವಿಡಿಯೋ ಗೇಮ್ ನಿಲ್ಲುತ್ತದೆ ಅಂತ ನೋಡಿದರು. ಕೆಲವನ್ನು ಕೆಡಿಸಿದರೆ ಡಾಂಕಿ ಕಾಂಗ್ ಎಂಬ ಗೇಮ್ ಮಾತ್ರ ನಿಂತಿತು! ಹಾಗಂತ ಅವು ಡಾಂಕಿ ಕಾಂಗ್ ಟ್ರಾನ್ಸಿಸ್ಟರ್‌ಗಳಾ? ಖಂಡಿತ ಅಲ್ಲ. ಮನುಷ್ಯರೇ ಮಾಡಿದ, ಮೂರೂವರೆ ಸಾವಿರ ಟ್ರಾನ್ಸಿಸ್ಟರುಗಳ ಚಿಪ್ಪೇ ಈ ವಿಧಾನಕ್ಕೆ ಅರ್ಥವಾಗಲಿಲ್ಲ ಅಂದಮೇಲೆ, ಮೆದುಳಿನ ಈ ಭಾಗ ಪ್ರೀತಿಗೆ, ಆ ಭಾಗ ಕೋಪಕ್ಕೆ ಅಂತ ಬರುವ ಸುದ್ದಿಗಳನ್ನು ಎಷ್ಟು ನಂಬಬೇಕೋ. ಕಂಪ್ಯೂಟರಿಗಿಂತ ಎಷ್ಟು ಬೇರೆ ಅನ್ನುವುದನ್ನು ಅಳೆಯಲು ಕೂಡ ನಮ್ಮ ಕೈಯಲ್ಲಿ ಸರಿಯಾದ ಅಳತೆಗೋಲು ಇಲ್ಲ ಅನ್ನಿಸಿತು.

ಹಾಗಾದರೆ ವೈರಿಂಗ್ ಪೂರ್ತಿ ಬರೆದಿಟ್ಟುಕೊಂಡರೆ? ಅದೂ ಆಗಿದೆ. ಒಂದು ಮಿಲಿಮೀಟರ್ ಉದ್ದದ ಒಂದು ಹುಳುವಿಗೆ ಇರುವುದು 302 ನರಕೋಶ, ಅದರ ನಕ್ಷೆ 1986ರಲ್ಲೇ ಪ್ರಕಟವಾಯಿತು. ಆದರೂ ಅದರ ನಡವಳಿಕೆಯನ್ನು ನಕ್ಷೆ ನೋಡಿ ಪೂರ್ತಿ ಹೇಳಲು ಇವತ್ತಿಗೂ ಆಗುತ್ತಿಲ್ಲ, ಯಾಕಂದರೆ ಹಸಿದಾಗ ಮತ್ತು ಹೊಟ್ಟೆ ತುಂಬಿದಾಗ ಅದೇ ವೈರಿಂಗ್ ಮೇಲೆ ಬೇರೆ ಬೇರೆ ರಾಸಾಯನಿಕಗಳು ಕೆಲಸ ಮಾಡಿ ಹುಳುವನ್ನು ಬೇರೆ ಥರ ನಡೆಸುತ್ತವೆ. ಮನಸ್ಸನ್ನು ಕಂಪ್ಯೂಟರಿಗೆ ಅಪ್‌ಲೋಡ್ ಮಾಡಿ ಅಮರರಾಗುತ್ತೇವೆ ಅನ್ನುವವರು ಮೊದಲು ಈ ಹುಳುವನ್ನು ಮಾಡಿ ತೋರಿಸಲಿ.